ಕುದುರೆಗೆ ನೀರು ಕೊಟ್ಟ ಮೆಕ್ಸಿಕೋ ಹಾಡು

ನನ್ನ ಅಕ್ಷರ ಚೆನ್ನಾಗಿಲ್ಲ. ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಅಲ್ಲಿಂದೀಚೆಗೆ ನಾನು ಬರೆದದ್ದೆಂದರೆ ಅಂಗಡಿಯ ಸಾಮಾನಿನ ಚೀಟಿ ಮತ್ತು ತಂಗಿಗೆ ವರ್ಷಕ್ಕೊಂದು ಕಾಗದ, ಅಷ್ಟೆ. ಆದುದರಿಂದ ಇದನ್ನು ಓದುವವರು ನನ್ನ ಒಕ್ಕಣೆಯ ಬಡತನವನ್ನು ಮೊದಲೇ ಸಹಿಸಿಕೊಳ್ಳಬೇಕೆಂದು ಬೇಡುತ್ತೇನೆ. ನಾಲ್ಕು ಜನ ಗಂಡಸರು ಕುಳಿತ ಕಡೆ ನನ್ನ ನಾಲಗೆ ಏಳುವುದಿಲ್ಲ. ಕೋಪ ಮಾತ್ರ ಏಳುತ್ತದೆ. ಆಡದೆ ಉಳಿದ ಕೋಪವು ಹುಳಿ ಬಂದ ಹಿಟ್ಟಿನ ಹಾಗೆ, ಮುಚ್ಚಿಟ್ಟಷ್ಟೂ ಉಬ್ಬುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಯಾವ ಕೆಲಸವನ್ನೂ ಅದನ್ನು ಬಲ್ಲವರ ಕೈಗೆ ಕೊಡುವ ವಾಡಿಕೆಯಿಲ್ಲ. ಬಲ್ಲವರು ಒಬ್ಬರಿದ್ದರೆ ಅವರನ್ನು ಬದಿಗೆ ಕುಳ್ಳಿರಿಸಿ, ಅರಿಯದವರು ಹತ್ತು ಜನ ಸೇರಿ ಅದನ್ನು ಮಾಡುತ್ತಾರೆ. ಸಾಗರದಲ್ಲಿಯೂ ಹೀಗೆಯೇ, ಹೊಸನಗರದಲ್ಲಿಯೂ ಹೀಗೆಯೇ, ತೀರ್ಥಹಳ್ಳಿಯಲ್ಲಿಯೂ ಹೀಗೆಯೇ. ಈ ಮೂರು ಊರುಗಳಲ್ಲಿ ಒಂದು ಮೆಕ್ಸಿಕೋ ಹಾಡನ್ನು ಟೇಪಿಗೆ ಹಾಕಲು ಹೊರಟಾಗ ನಡೆದುದನ್ನು ಕೇಳಿದವರೆಲ್ಲರೂ ಕೂಡಲೇ ನಗುತ್ತಾರೆ. ನನಗೆ ನಗು ಬರಲು ಎರಡು ವರ್ಷ ಬೇಕಾಯಿತು.

೧. ಕಲ್ಲು ಹಾಡಿದ್ದು

ನಮ್ಮ ಊರು ಶರಾವತಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ನಾವು ಸಾಗರಕ್ಕೆ ಬಂದು, ಬಸ್ ನಿಲ್ದಾಣದ ಹಿಂದೆ ಒಂದು ಮೀನೂಟದ ಮನೆ ನಡೆಸತೊಡಗಿದೆವು. ಮುಂದಿನ ಕೋಣೆಯಲ್ಲಿ ಬಡಿಸುವವರು ನಮ್ಮ ಯಜಮಾನರು. ಹಿಂದಿನ ಕೋಣೆಯಲ್ಲಿ ಮೀನು ಕೊಯ್ಯುವವಳು, ಮಸಾಲೆ ರುಬ್ಬುವವಳು, ಬೇಯಿಸುವವಳು ನಾನು. ಊಟ ಚೆನ್ನಾಗಿದೆಯೆಂದು ಗಿರಾಕಿಗಳು ಹೊಗಳುತ್ತಿದ್ದದ್ದು ಯಜಮಾನರನ್ನು.

ಆ ಕಾಲದಲ್ಲಿ ಅಮೆರಿಕದಿಂದ ಒಬ್ಬ ತರುಣರು ನಮ್ಮ ತಾಲ್ಲೂಕಿನವರಿಗೆ ಕೋಳಿ ಸಾಕುವುದನ್ನು ಕಲಿಸಲು ಬಂದಿದ್ದರು. ಹುಟ್ಟಿದಾಗಿನಿಂದ ಕೋಳಿಯ ಜೊತೆಗೇ ಬೆಳೆದ ನಮಗೆ ಅದನ್ನು ಕಲಿಸಬೇಕೆಂದು ಯಾರಿಗೆ ತೋಚಿತೋ ನಾನರಿಯೆ. ಊರವರು ಅವರನ್ನು ಕೋಳಿ ಮೇಷ್ಟ್ರು ಎಂದು ಕರೆದರು. ಎರಡು ಹೊತ್ತೂ ನಮ್ಮಲ್ಲಿಯೇ ಊಟ. ಕನ್ನಡವನ್ನು ಪುಸ್ತಕದಿಂದ ಕಲಿತವರಾದುದರಿಂದ ಅವರ ಮಾತು ಸರ್ಕಾರದ ನೋಟೀಸಿನಂತೆ ಇರುತ್ತಿತ್ತು. "ಅಕ್ಕನವರೇ, ಇಂದಿನ ಮೀನು ಅತ್ಯಂತ ಸಮರ್ಪಕವಾಗಿದೆ" ಎಂದು ಅಡಿಗೆಮನೆಯ ಬಾಗಿಲ ಕಡೆ ನೋಡಿ ಹೇಳುತ್ತಿದ್ದರು. ಬಾಗಿಲ ಕಡೆ ನೋಡಿ ಹೇಳಿದ ಗಿರಾಕಿ ಅವರೊಬ್ಬರೇ.

ಅವರ ತಾಯಿ ಮೆಕ್ಸಿಕೋ ದೇಶದವರು. ಮಗನು ತನ್ನ ಮಾತು ಮೀರಿ ಇಷ್ಟು ದೂರ ಬಂದನೆಂಬ ಸಿಟ್ಟಿನಿಂದ ಆ ತಾಯಿ ಒಂದು ವರ್ಷದಿಂದ ಅವರ ಯಾವ ಕಾಗದಕ್ಕೂ ಉತ್ತರ ಬರೆದಿರಲಿಲ್ಲ. ಅವರು ಚಿಕ್ಕವರಿದ್ದಾಗ ತಾಯಿ ಹಾಡುತ್ತಿದ್ದ ಒಂದು ಹಾಡನ್ನು, ಊಟಕ್ಕೆ ಕಾಯುವಾಗ ಗಿಟಾರ್ ಮೀಟುತ್ತ ಹಾಡಿಕೊಳ್ಳುತ್ತಿದ್ದರು. ಅದರ ಅರ್ಥವನ್ನು ನನಗೆ ಹೇಳಿದ್ದರು. ಒಬ್ಬಳು ಕೊಡದಲ್ಲಿ ನೀರು ಹೊತ್ತು ಬರುತ್ತಿರುತ್ತಾಳೆ. ಕುದುರೆಯ ಮೇಲೆ ಬಂದ ಗಂಡಸೊಬ್ಬನು ನೀರು ಕೇಳುತ್ತಾನೆ. ಅವಳು, "ನಿನ್ನ ಕುದುರೆಗೆ ಕೊಡುತ್ತೇನೆ, ಅದು ನಡೆದು ದಣಿದಿದೆ, ನೀನು ಕುಳಿತು ಬಂದವನು, ನಿನಗಿಲ್ಲ" ಎಂದು ಹೇಳಿ ಕುದುರೆಗೆ ಕುಡಿಸಿ ಹೋಗುತ್ತಾಳೆ. ಇಷ್ಟೇ ಹಾಡು. ಇಷ್ಟು ನ್ಯಾಯವಾದ ಹಾಡನ್ನು ನಾನು ಅದುವರೆಗೆ ಕೇಳಿರಲಿಲ್ಲ.

ತಿಂಗಳುಗಟ್ಟಲೆ ಕೇಳಿ ಕೇಳಿ ಅದು ನನಗೆ ಬಾಯಿಗೆ ಬಂತು. ಒಂದು ದಿನ ರುಬ್ಬುತ್ತ ಹಾಡಿಕೊಳ್ಳುತ್ತಿದ್ದಾಗ ಹೊರಗೆ ಗಿಟಾರ್ ನಿಂತಿತು.

"ಒಳಗೆ ಹಾಡುತ್ತಿರುವವರು ಯಾರು?" ಎಂದು ಕೋಳಿ ಮೇಷ್ಟ್ರು ಕೇಳಿದರು.

ಯಜಮಾನರು ತಡಮಾಡದೆ, "ಯಾರೂ ಇಲ್ಲ ಮಾರಾಯ್ರೆ. ರುಬ್ಬೋ ಕಲ್ಲು ಅದು. ಹೊಸ್ತು, ಇನ್ನೂ ಪಳಗ್ಲಿಲ್ಲ. ಹಾಗೇ ಕೂಗ್ತದೆ" ಎಂದರು.

"ನಿಮ್ಮ ಕಲ್ಲಿಗೆ ಮೆಕ್ಸಿಕೋ ಭಾಷೆ ಬರುತ್ತದೆ" ಎಂದು ಹೇಳಿ ಅವರು ಎದ್ದು ಅಡಿಗೆಮನೆಯ ಹೊಸ್ತಿಲಿಗೆ ಬಂದರು. "ಅಕ್ಕನವರೇ, ಇದನ್ನು ನೀವೇ ಹಾಡಬೇಕು. ನಾನು ಟೇಪಿಗೆ ಹಾಕಿ ತಾಯಿಗೆ ಕಳುಹಿಸುತ್ತೇನೆ. ನನ್ನ ಕಾಗದಕ್ಕೆ ಅವರು ಉತ್ತರ ಕೊಡುವುದಿಲ್ಲ. ಈ ದನಿಗೆ ಕೊಡುತ್ತಾರೆ."

ನಾನು ತಲೆ ಬಗ್ಗಿಸಿಕೊಂಡು ಮಸಾಲೆ ಬಳಿದೆ. ಆದರೆ ಅಂದಿನಿಂದ ನನಗೆ ಒಂದೇ ಆಸೆ. ನನ್ನ ಹೆಸರು ಬೇಡ, ಮುಖ ಬೇಡ. ನನ್ನ ದನಿ ಒಂದು ಸಲ ಆ ತಾಯಿಯ ಕಿವಿಗೆ ತಲುಪಬೇಕು.

ಯಜಮಾನರು ಅಂದು ಸಂಜೆ ಕಲ್ಲಿನ ಸುತ್ತ ಎರಡು ಸಲ ನಡೆದು ನೋಡಿದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೂ, ಹಾಡಿದ್ದು ಹೆಂಡತಿಯೋ ಕಲ್ಲೋ ಎಂಬ ಸಂಶಯ ಅವರಿಗೆ ಪೂರ್ತಿ ಪರಿಹಾರವಾಗಿರಲಿಲ್ಲ.

೨. ಹೆಣ್ಣಿನ ದನಿಗೆ ತಕ್ಕ ಗಂಡಸು

ತಾಯಿಯ ಊರಿನಲ್ಲಿ ಈ ಹಾಡಿಗೆ ನಾಲ್ಕಾರು ಮಂದಿ ಎದುರಿಗೆ ನಿಂತು ವಾದ್ಯ ಬಾರಿಸುವರಂತೆ. ನಮ್ಮಲ್ಲಿಯೂ ಹಾಗೆಯೇ ಆಗಬೇಕೆಂದು ಕೋಳಿ ಮೇಷ್ಟ್ರು ಮೂವರನ್ನು ಕೂಡಿಸಿದರು. ಹೊಸನಗರದ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವವರೊಬ್ಬರು. ತೀರ್ಥಹಳ್ಳಿಯ ಕಡೆಯ ಯಕ್ಷಗಾನ ಮೇಳದ ಮದ್ದಳೆಗಾರರೊಬ್ಬರು. ನಮ್ಮ ಸಾಗರದವರೇ ಆದ, ನಾಟಕದ ಕಂಪನಿಯಲ್ಲಿದ್ದು ಬಂದ ಹಾರ್ಮೋನಿಯಂ ಭಾಗವತರೊಬ್ಬರು.

ಈ ಭಾಗವತರು ಇಪ್ಪತ್ತು ವರ್ಷ ಸ್ತ್ರೀಪಾತ್ರ ಮಾಡಿದವರು. ಈಗ ತಲೆ ನರೆತಿತ್ತು, ಹೊಟ್ಟೆ ಮುಂದೆ ಬಂದಿತ್ತು, ಮೂರು ಹಲ್ಲು ಹೋಗಿತ್ತು. ಹಾಡುವವರು ಯಾರೆಂದು ಕೇಳಿದರು. ಕೋಳಿ ಮೇಷ್ಟ್ರು ಅಡಿಗೆಮನೆಯ ಕಡೆ ಕೈ ತೋರಿಸಿದರು. ಭಾಗವತರು ಸಣ್ಣಗೆ ನಕ್ಕರು.

"ನೋಡಿ, ಹೆಂಗಸಿನ ದನಿ ಅಂದ್ರೆ ಹೆಂಗಸರಿಗೆ ಬರೋದಲ್ಲ. ಅದನ್ನ ಸಾಧನೆ ಮಾಡಿ ತರ್ಬೇಕು. ನಾನು ಇಪ್ಪತ್ತು ವರ್ಷ ತಂದಿದೀನಿ. ಇವರು ಎಷ್ಟು ವರ್ಷದಿಂದ ಹೆಂಗಸು?"

"ಅದೂ ಹೌದು" ಎಂದರು ನಮ್ಮ ಯಜಮಾನರು. "ಮತ್ತೆ ಮನೆ ಹೆಂಗಸು ಹಾಡಿದ್ರೆ ಜನ ಎಂತ ಹೇಳ್ತಾರೆ."

ನನ್ನನ್ನು ಯಾರೂ ಕೇಳಲಿಲ್ಲ. ಇದು ಇಲ್ಲಿಯ ಸಂಪ್ರದಾಯವಿರಬೇಕೆಂದು ಎಣಿಸಿ ಕೋಳಿ ಮೇಷ್ಟ್ರೂ ಸುಮ್ಮನಾದರು. ಸಂಪ್ರದಾಯವೆಂಬ ಶಬ್ದವನ್ನು ಅವರ ಪುಸ್ತಕದಲ್ಲಿ ಯಾರು ಬರೆದರೋ, ಅವರ ಮೇಲೆಯೂ ನನಗೆ ಸಿಟ್ಟಿದೆ.

ಇಷ್ಟಾದರೂ ಭಾಗವತರಿಗೆ ಹಾಡಿನ ಒಂದು ಅಕ್ಷರವೂ ಬಾರದು. ಆದುದರಿಂದ ನಾನು ಕಲಿಸಬೇಕೆಂದು ತೀರ್ಮಾನವಾಯಿತು. ದಿನವೂ ಮಧ್ಯಾಹ್ನ ಬಂದು ಜಗಲಿಯ ಅಂಚಿನಲ್ಲಿ ಕೂರುತ್ತಿದ್ದರು. ನಮ್ಮ ಜಾತಿಯವರ ಮನೆಯಲ್ಲಿ ಅವರು ನೀರು ಮುಟ್ಟುವುದಿಲ್ಲ. ನನ್ನ ಬಾಯಿಯಿಂದ ಹಾಡು ತೆಗೆದುಕೊಳ್ಳಲು ಮಾತ್ರ ಮಡಿಯ ಅಡ್ಡಿಯಿರಲಿಲ್ಲ. ನಾನು ಒಳಗಿನಿಂದ ಒಂದೊಂದು ಸಾಲು ಹೇಳುವುದು, ಅವರು ಹೊರಗಿನಿಂದ ಅದನ್ನು ಎಳೆದು, ಬಳುಕಿಸಿ, ಕಣ್ಣು ಹೊರಳಿಸಿ ಹಾಡುವುದು.

"ಇಲ್ಲಿ ಸ್ವಲ್ಪ ನಾಚಿಕೆ ಸೇರಿಸ್ಬೇಕು" ಎನ್ನುವರು.

"ಅವಳಿಗೆ ನಾಚಿಕೆ ಇಲ್ಲ. ಕೋಪ ಇದೆ" ಎನ್ನುವೆನು ನಾನು, ಅವರಿಗೆ ಕೇಳಿಸದಷ್ಟು ಮೆಲ್ಲಗೆ.

"ಮತ್ತೆ ಆ ಕೊನೇ ಸಾಲು. ಬಾಯಾರಿ ಬಂದವನಿಗೆ ನೀರಿಲ್ಲ ಅನ್ನೋದು ಕುಲಸ್ತ್ರೀ ಲಕ್ಷಣ ಅಲ್ಲ. ಕೊನೇಲಿ ಅವಳ ಕೈಯಲ್ಲಿ ನೀರು ಕೊಡಿಸ್ಬೇಕು."

ಏಪ್ರಿಲ್ ತಿಂಗಳ ಬಿಸಿಲು. ಆರನೆಯ ದಿನ ಹಾಡಿ ಹಾಡಿ ಭಾಗವತರ ಗಂಟಲು ಒಣಗಿ, ಕೆಮ್ಮು ಹಿಡಿದು, ಕಣ್ಣಿನಲ್ಲಿ ನೀರು ಬಂತು. ಎಳನೀರಾದರೆ ನಮ್ಮ ಕೈ ತಾಗದೆ ಬಂದದ್ದು, ಅವರಿಗೆ ಆಗುತ್ತದೆ. "ಎಳನೀರು ಇದ್ಯಾ?" ಎಂದು ಕೇಳಿದರು.

"ಇಲ್ಲ. ಬಾವಿನೀರು ಉಂಟು" ಎಂದೆ.

ಅವರು ಕೊಡದ ಕಡೆಗೊಮ್ಮೆ ರಸ್ತೆಯ ಕಡೆಗೊಮ್ಮೆ ನೋಡಿ, ಉಗುಳು ನುಂಗಿ, "ಬೇಡ" ಎಂದರು. ಕುದುರೆಯನ್ನಾದರೂ ತಂದಿದ್ದರೆ ಅದಕ್ಕೆ ಕೊಟ್ಟು ಕಳುಹಿಸುತ್ತಿದ್ದೆ.

೩. ಬೆರಳೆತ್ತಿದ್ದು

ಒಂದು ಭಾನುವಾರ ಊಟದ ಎಲೆಗಳನ್ನೆಲ್ಲ ತೆಗೆದು, ಕಿಟಕಿಗಳಿಗೆ ಕಂಬಳಿ ಕಟ್ಟಿ, ಮುಂದಿನ ಕೋಣೆಯಲ್ಲಿ ಯಂತ್ರವನ್ನಿಟ್ಟರು. ಎರಡು ತಟ್ಟೆಗಳಂತಹ ಚಕ್ರಗಳು. ಒಂದರಿಂದ ಇನ್ನೊಂದಕ್ಕೆ ಕಂದು ಬಣ್ಣದ ಪಟ್ಟಿ ಸುತ್ತಿಕೊಳ್ಳುತ್ತ ಹೋಗುವಾಗ ಕೋಣೆಯೊಳಗಿನ ಸಕಲ ಶಬ್ದವನ್ನೂ ಹಿಡಿದುಕೊಳ್ಳುತ್ತದೆ. ಅಂತಹ ಸುರುಳಿ ಅವರಲ್ಲಿ ಇದ್ದದ್ದು ಒಂದೇ. ತಪ್ಪಿದರೆ ಹಿಂದಕ್ಕೆ ಸುತ್ತಿ ಅದರ ಮೇಲೆಯೇ ಮತ್ತೆ ಹಾಡಬೇಕು. ಆಗ ಮೊದಲಿನದು ಅಳಿಸಿಹೋಗುತ್ತದೆ. ನಾನು ಬಾಗಿಲ ಸಂದಿಯಲ್ಲಿ ಕುಳಿತು, ಭಾಗವತರು ಮರೆತಲ್ಲಿ ಸಾಲು ಹೇಳಿಕೊಡಬೇಕಾಗಿತ್ತು.

ಶುರುವೇನೋ ಆಯಿತು. ಆದರೆ ಕ್ಲಾರಿಯೊನೆಟ್ಟಿನವರಿಗೆ ಬಯಲಿನಲ್ಲಿ ಊದಿ ಅಭ್ಯಾಸ. ಆ ಸಣ್ಣ ಕೋಣೆಯಲ್ಲಿ ಬೇರೆ ಏನೂ ಕೇಳಿಸದಾಯಿತು. ಟೇಪು ಓಡುತ್ತಿರುವಾಗ ಮಾತನಾಡುವಂತಿಲ್ಲ. ಆದುದರಿಂದ ಕೋಳಿ ಮೇಷ್ಟ್ರು, ಸ್ವಲ್ಪ ಮೆಲ್ಲಗೆ ಎಂಬರ್ಥದಲ್ಲಿ, ಬೆರಳೆತ್ತಿ ಅಲ್ಲಾಡಿಸಿದರು.

ಮದುವೆಯ ಮನೆಯಲ್ಲಿ ಪುರೋಹಿತರು ಬೆರಳೆತ್ತಿ ಅಲ್ಲಾಡಿಸಿದರೆ ಅದಕ್ಕೆ ಒಂದೇ ಅರ್ಥ. ತಾಳಿ ಕಟ್ಟುತ್ತಿದ್ದಾರೆ, ಯಾವ ಅಪಶಬ್ದವೂ ಕಿವಿಗೆ ಬೀಳಬಾರದು, ಗಟ್ಟಿಮೇಳ ಬಾರಿಸಿ. ಕ್ಲಾರಿಯೊನೆಟ್ಟಿನವರು ಮೂವತ್ತು ವರ್ಷದಿಂದ ಬೆರಳು ನೋಡಿ ಊದಿದವರು. ಕೆನ್ನೆ ಉಬ್ಬಿಸಿ ಒಮ್ಮೆಲೇ ಗಟ್ಟಿಮೇಳ ಹಿಡಿದರು. ಮದ್ದಳೆಯವರು ಕೈ ಸುಮ್ಮನಿಡಲಾರದೆ ಕೂಡಿಕೊಂಡರು. ಕೋಳಿ ಮೇಷ್ಟ್ರು ಗಾಬರಿಯಾಗಿ ಎರಡೂ ಕೈ ಬೀಸಿದರು. ಬೀಸಿದಷ್ಟೂ ಮೇಳ ಜೋರಾಯಿತು. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರು ಬಿತ್ತು. ಅವರು ಸೋತು ಕೈ ಇಳಿಸಿದ ಮೇಲೆಯೇ ಅದು ನಿಂತದ್ದು.

"ಬೆರಳು ಇಳಿಸ್ದೆ ನಿಲ್ಸೋಕಾಗ್ತದಾ? ನಾಳೆ ಹೆಚ್ಚುಕಮ್ಮಿ ಆದ್ರೆ ಮೇಳದವರ ಮೇಲೆ ಬರ್ತದೆ" ಎಂದು ಕ್ಲಾರಿಯೊನೆಟ್ಟಿನವರು ಬೆವರು ಒರೆಸಿಕೊಂಡರು.

ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಬಾಗಿಲು ತಳ್ಳಿ ಒಳಗೆ ಬಂದರು. "ಮದ್ವೆ ಅಲ್ದಾ? ಹೆಣ್ಣು ಯಾರು? ಹಾಡ್ತಾ ಇದ್ದಿದ್ದು ಕೇಳ್ತು."

ಹೆಣ್ಣಿನ ದನಿಯಲ್ಲಿ ಹಾಡಿದವರು ಯಾರೋ ಅವರನ್ನು ಯಜಮಾನರು ತೋರಿಸಿದರು. ಅಜ್ಜಿ ಭಾಗವತರ ನರೆತ ತಲೆಯನ್ನೂ ಹೊಟ್ಟೆಯನ್ನೂ ಬಹಳ ಹೊತ್ತು ನೋಡಿ, "ಪ್ರಾಯ ಆಗಿದೆ. ಆಗ್ಲಿ, ಈಗಾದ್ರೂ ಒಂದು ದಾರಿ ಆಯ್ತಲ್ಲ" ಎಂದು ಹರಸಿ ಹೋದರು.

೪. ಸಮಾರಂಭ

ಬಸ್ ನಿಲ್ದಾಣದ ಗಲಾಟೆಯಲ್ಲಿ ಇದು ಆಗದೆಂದು ತಿಳಿಯಿತು. ಕ್ಲಾರಿಯೊನೆಟ್ಟಿನವರು ತಮ್ಮ ಹೊಸನಗರದಲ್ಲಿ ಒಂದು ಸಂಗೀತ ಸಂಘದ ಕೋಣೆಯಿದೆ, ಅಲ್ಲಿ ಇಲಿ ಓಡಿದರೂ ಕೇಳುತ್ತದೆ ಎಂದರು. ಮುಂದಿನ ಭಾನುವಾರ ಎಲ್ಲರೂ ಬಸ್ಸಿನಲ್ಲಿ ಹೋದೆವು. ಕೋಳಿ ಮೇಷ್ಟ್ರು ಯಂತ್ರವನ್ನು ಬಾಣಂತಿ ಮಗುವನ್ನು ಹಿಡಿದಂತೆ ಮಡಿಲಲ್ಲಿ ಹಿಡಿದಿದ್ದರು.

ಹೋಗಿ ನೋಡಿದರೆ ಬಾಗಿಲಿಗೆ ಮಾವಿನ ತೋರಣ. ಒಳಗೆ ಬೆಂಚುಗಳು, ಬೆಂಚುಗಳ ಮೇಲೆ ಜನ. ಸಂಘದ ಅಧ್ಯಕ್ಷರು ಜರಿಪೇಟ ಸುತ್ತಿ ನಿಂತಿದ್ದರು. ಯಂತ್ರವನ್ನು ಮೇಜಿನ ಮೇಲಿಡಿಸಿ, ಅದಕ್ಕೆ ಹಾರ ಹಾಕಿ, ಕುಂಕುಮ ಹಚ್ಚಿದರು. ನಾನು ಪರದೆಯ ಹಿಂದೆ ಕುಳಿತೆ.

"ಧ್ವನಿಮುದ್ರಣ ಅಂದ್ಮೇಲೆ ಪ್ರಾರ್ಥನೆಯಿಂದ್ಲೇ ಮುದ್ರಣ ಆಗ್ಬೇಕು. ಮಿಷಿನ್ ಶುರು ಮಾಡಿ" ಎಂದರು ಅಧ್ಯಕ್ಷರು.

"ಮಾನ್ಯರೇ, ನನ್ನ ಬಳಿ ಸುರುಳಿ ಒಂದೇ ಇದೆ. ಇದು ನನ್ನ ತಾಯಿಗೆ. ನನ್ನ ತಾಯಿಗೆ ತಮ್ಮ ಪರಿಚಯವಿಲ್ಲ" ಎಂದು ಕೋಳಿ ಮೇಷ್ಟ್ರು ವಿನಯದಿಂದ ಹೇಳಿದರು.

"ಅದಕ್ಕೇ ಅಲ್ವಾ ಪರಿಚಯ ಭಾಷಣ ಇಟ್ಟಿರೋದು."

ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಅಧ್ಯಕ್ಷರ ಪರಿಚಯವಾಯಿತು. ಅನಂತರ ಅಧ್ಯಕ್ಷರು ಎದ್ದರು. ಸಂಗೀತಕ್ಕೂ ಸಮುದ್ರಕ್ಕೂ ಇರುವ ಹೋಲಿಕೆಯನ್ನು ಹೇಳಿದರು. ಮೆಕ್ಸಿಕೋ ದೇಶದ ಮಹಾಮಾತೆಗೆ ಮಲೆನಾಡಿನ ಪರವಾಗಿ ಕೈಮುಗಿದರು. ಸ್ತ್ರೀಯರಿಗೆ ನಮ್ಮ ನಾಡು ಸದಾ ಉನ್ನತ ಸ್ಥಾನ ಕೊಟ್ಟಿದೆ ಎಂದರು. ಆ ಸಮಯದಲ್ಲಿ ನಾನು ಪರದೆಯ ಹಿಂದೆ, ಮುರಿದ ಬೆಂಚುಗಳ ನಡುವೆ, ಪೊರಕೆಯ ಪಕ್ಕದಲ್ಲಿ ಕುಳಿತಿದ್ದೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಚಕ್ರ ತಿರುಗುತ್ತಲೇ ಇತ್ತು. ಕಂದು ಪಟ್ಟಿಯ ಕೊನೆ ಬಂದು, ಬಿಚ್ಚಿಕೊಂಡು, ಚಕ್ರದ ಜೊತೆ ಸುತ್ತುತ್ತ ಚಟ ಚಟ ಚಟ ಎಂದು ಬಡಿಯತೊಡಗಿತು.

ಅಧ್ಯಕ್ಷರು ಮಾತು ನಿಲ್ಲಿಸಿ, ಯಂತ್ರದ ಕಡೆ ತಿರುಗಿ, ಚಪ್ಪಾಳೆಗೆ ಕೃತಜ್ಞತೆ ಸೂಚಿಸಿ ತಲೆಬಾಗಿದರು.

೫. ಕತ್ತಲೆ

ಸುರುಳಿಯನ್ನು ಹಿಂದಕ್ಕೆ ಸುತ್ತಿದ ಕೂಡಲೇ ಕರೆಂಟು ಹೋಯಿತು.

ಕೊನೆಯ ಬಸ್ಸಿನವರೆಗೂ ಕಾದೆವು. ಬೆಂಚಿನ ಮೇಲಿದ್ದ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಅಧ್ಯಕ್ಷರು ಮಾತ್ರ ಸಮಾಧಾನದಿಂದ, "ತಾಳ್ಮೆ ಇರ್ಲಿ. ಈ ಕರೆಂಟಿಗೋಸ್ಕರ ಯಾರ್ಯಾರೋ ಮನೆಮಾರು ಬಿಟ್ಟು ಹೋಗಿದ್ದಾರಂತೆ" ಎಂದರು.

ಆ ಯಾರ್ಯಾರೋ ಎಂಬವಳು ಅವರ ಬೆನ್ನಿನ ಹಿಂದೆ ಎರಡು ಮಾರು ದೂರದಲ್ಲಿ ಕುಳಿತಿದ್ದಳು. ನಮ್ಮದು ಗೇಣಿಯ ಗದ್ದೆ, ಕಾಗದದಲ್ಲಿ ನಮ್ಮ ಹೆಸರಿರಲಿಲ್ಲ, ಪರಿಹಾರವೂ ಸಿಗಲಿಲ್ಲ. ಒಲೆಯ ಬೂದಿ ಆರುವ ಮೊದಲೇ ಹೊಸಿಲಿಗೆ ನೀರು ಬಂದಿತ್ತು. ಹೇಳಬೇಕೆಂದು ಬಾಯಿ ತೆರೆದೆ. ನಾಲ್ಕು ಜನ ಗಂಡಸರಿದ್ದರು. ಮುಚ್ಚಿದೆ.

ನಮ್ಮ ಗದ್ದೆಗೆ ನೀರು ಬಂದ ವೇಗದಲ್ಲಿ ಹೊಸನಗರಕ್ಕೆ ಕರೆಂಟು ಬಂದಿದ್ದರೆ ಅಂದೇ ಎಂಟು ಹಾಡು ಹಾಡಬಹುದಾಗಿತ್ತು.

೬. ಭತ್ತದ ಮೂಟೆಗಳು

ಉಳಿದದ್ದು ಇನ್ನೊಂದೇ ಭಾನುವಾರ. ಕೋಳಿ ಮೇಷ್ಟ್ರ ಸ್ನೇಹಿತರೊಬ್ಬರು ಸ್ವದೇಶಕ್ಕೆ ಹಿಂದಿರುಗುವವರು, ಅದರ ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯಿಂದ ಜೀಪಿನಲ್ಲಿ ಹೊರಡುತ್ತಿದ್ದರು. ಟೇಪು ಅವರ ಕೈಯಲ್ಲಿಯೇ ಹೋಗಬೇಕು. ಅವರು ಹೋದರೆ ಇನ್ನು ಆ ತಾಯಿಗೆ ತಲುಪಿಸುವವರಿಲ್ಲ.

ಮದ್ದಳೆಯವರು ಅದುವರೆಗೆ ಮಾತನಾಡಿದವರಲ್ಲ. "ನಮ್ಮೂರಲ್ಲಿ ಒಂದು ಅಕ್ಕಿ ಮಿಲ್ಲಿನ ಗೋದಾಮು ಇದೆ. ಭಾನುವಾರ ಮಿಲ್ಲು ರಜ. ಸುತ್ತ ಭತ್ತದ ಮೂಟೆ ಪೇರಿಸಿದ್ರೆ ಶಬ್ದ ಮರಳಿ ಬರೂದಿಲ್ಲ, ಭತ್ತ ನುಂಗ್ತದೆ. ನಾನು ಅಲ್ಲೇ ಮದ್ದಳೆ ಕಲ್ತದ್ದು. ಅಧ್ಯಕ್ಷರಿಗೆ ಮಾತ್ರ ಹೇಳ್ಬೇಡಿ" ಎಂದರು. ಇಡೀ ಪ್ರಕರಣದಲ್ಲಿ ಕೇಳಿದ ಬುದ್ಧಿಯ ಮಾತು ಇದೊಂದೇ.

ಹೋದೆವು. ಮೂಟೆಗಳನ್ನು ಎದೆಯೆತ್ತರಕ್ಕೆ ಪೇರಿಸಿ ಒಂದು ಚಿಕ್ಕ ಕೋಣೆಯಂತೆ ಮಾಡಿದರು. ಒಳಗೆ ಗಂಡಸರು, ವಾದ್ಯ, ಮೈಕು. ಹೊರಗೆ, ಮೂಟೆಗಳ ಆಚೆ, ಸಾಲು ಹೇಳಿಕೊಡಲು ನಾನು. ಕೋಳಿ ಮೇಷ್ಟ್ರು ಈ ಸಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಕ್ಲಾರಿಯೊನೆಟ್ಟಿನ ಬಾಯಿಗೆ ಒಂದು ಬಟ್ಟೆಯ ಉಂಡೆ ತುರುಕಿದ್ದರು. ಟೇಪು ಓಡಿತು.

ಭಾಗವತರು ಹಾಡಿದರು. ನಾನು ಪಿಸುದನಿಯಲ್ಲಿ ಮುಂದಿನ ಸಾಲು ಕೊಡುತ್ತಿದ್ದೆ, ಅವರು ಅದನ್ನು ಬಳುಕಿಸುತ್ತಿದ್ದರು. ನಾನು ನಡೆಯುವವಳು, ಅವರು ಕುದುರೆಯ ಮೇಲೆ ಕುಳಿತವರು. ಹೀಗೆಯೇ ಮುಗಿದಿದ್ದರೂ ನಾನು ನುಂಗಿಕೊಂಡು ಮನೆಗೆ ಬರುತ್ತಿದ್ದೆ. ಆದರೆ ಕೊನೆಯ ಸಾಲಿನಲ್ಲಿ, ನಿನಗಿಲ್ಲ ಎಂಬಲ್ಲಿ, ಅವರು ನಾನು ಕೊಟ್ಟ ಸಾಲನ್ನು ಬಿಟ್ಟು, ಕಣ್ಣು ಮುಚ್ಚಿ, ಕಂಪನಿ ನಾಟಕದ ಧಾಟಿಯಲ್ಲಿ, "ಕೊಡುವೆನು ಪ್ರಿಯನೇ, ಕುಡಿ ತಿಳಿನೀರ" ಎಂದು ಎಳೆದರು.

ನಾನು ಎದ್ದುನಿಂತದ್ದು ನನಗೆ ತಿಳಿಯಲಿಲ್ಲ. ಮೂಟೆಗಳ ಮೇಲೆ ನನ್ನ ತಲೆ ಕಂಡಾಗ ಗಂಡಸರ ಮುಖ ನೋಡಿಯೇ ನನಗೆ ತಿಳಿದದ್ದು.

"ಬಾಯಿ ಮುಚ್ಚಿ ಭಾಗವತರೆ. ನೀರು ಹೊತ್ತವಳು ನಾನು, ನಾನು ಕೊಡೂದಿಲ್ಲ. ನೀವು ಪೆಟ್ಟಿಗೆ ಒತ್ತಿ."

ಮದ್ದಳೆಯವರು ಕೈ ನಿಲ್ಲಿಸಿರಲಿಲ್ಲ. ನನ್ನ ಬೈಗುಳ ಅವರ ತಾಳದಲ್ಲಿಯೇ ಬಿದ್ದಿತ್ತು. ಅದೇ ಉಸಿರಿನಲ್ಲಿ ಹಾಡನ್ನು ಮೊದಲಿನಿಂದ ಹಿಡಿದೆ. ಭಾಗವತರ ಬಾಯಿ ತೆರೆದೇ ಇತ್ತು; ಆದರೆ ಇಪ್ಪತ್ತು ವರ್ಷದ ಅಭ್ಯಾಸ, ಬೆರಳುಗಳು ತಾವಾಗಿ ಹಾರ್ಮೋನಿಯಂ ಪೆಟ್ಟಿಗೆ ಒತ್ತಿದವು. ಕ್ಲಾರಿಯೊನೆಟ್ಟು ಬಟ್ಟೆಯೊಳಗಿಂದ ಅಳುವ ಹಾಗೆ ಬಂತು. ನಾನು ಮೈಕಿನಿಂದ ದೂರವಿದ್ದೆ. ಆದರೂ ಯಂತ್ರದಲ್ಲಿ ದನಿಯನ್ನು ಅಳೆಯುವ ಸೂಜಿ ಕೊನೆಯವರೆಗೆ ಹೊಡೆಯುತ್ತಿತ್ತಂತೆ. ಕೋಪವನ್ನು ಭತ್ತ ನುಂಗುವುದಿಲ್ಲ. ನಿನಗಿಲ್ಲ ಎಂಬ ಮಾತನ್ನು ಮೂರು ಸಲ ಹಾಡಿದೆ. ಒಂದು ಸವಾರನಿಗೆ. ಇನ್ನೆರಡು ಯಾರಿಗೆಂದು ಹೇಳುವುದಿಲ್ಲ.

ಹಾಡು ಮುಗಿಯಿತು. ಮೊದಲು ದನಿ ಬಂದದ್ದು ಭಾಗವತರಿಗೆ. "ಆ ಬೈದದ್ದು ಅಳಿಸಿ. ನನ್ನ ಮರ್ಯಾದೆ ಪ್ರಶ್ನೆ."

"ಅಳಿಸುವ ಗುಂಡಿಯು ಈಗ ತಾನೇ ಕೆಟ್ಟಿತು" ಎಂದು ಹೇಳಿ ಕೋಳಿ ಮೇಷ್ಟ್ರು ಯಂತ್ರದ ಮುಚ್ಚಳ ಹಾಕಿದರು. ಅವರು ಕನ್ನಡದಲ್ಲಿ ಹೇಳಿದ ಮೊದಲ ಸುಳ್ಳು ಅದು. ವ್ಯಾಕರಣ ಶುದ್ಧವಾಗಿತ್ತು.

ಬಸ್ಸು ಹೊಸನಗರ ದಾಟಿದ ಮೇಲೆ ಯಜಮಾನರು, "ಕಲ್ಲಲ್ಲ ಹಾಗಾದ್ರೆ" ಎಂದರು.

೭. ಉತ್ತರ

ಎರಡು ತಿಂಗಳು ನನಗೆ ನಿದ್ರೆ ಸರಿಯಿರಲಿಲ್ಲ. ದನಿ ತಲುಪಬೇಕೆಂದು ಬಯಸಿದ್ದೆ, ತಲುಪಿದ್ದು ಬೈಗುಳ. ಮಗನ ಮೇಲಿನ ಸಿಟ್ಟಿನ ಜೊತೆಗೆ ನನ್ನ ಸಿಟ್ಟನ್ನೂ ಆ ತಾಯಿಯ ಮನೆಗೆ ಕಳುಹಿಸಿದೆನಲ್ಲ ಎಂದು ನಾಚಿಕೆಯಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಕೋಳಿ ಮೇಷ್ಟ್ರು ಊಟಕ್ಕೆ ಬಂದವರು ಎಲೆಯ ಮುಂದೆ ಕೂರಲಿಲ್ಲ. ಕೈಯಲ್ಲಿ ಕಾಗದವಿತ್ತು. ಕೋಣೆಯ ತುಂಬ ಗಿರಾಕಿಗಳು. ಜಗಲಿಯ ಅಂಚಿನಲ್ಲಿ ಭಾಗವತರೂ ಇದ್ದರು. ಉತ್ತರ ಬಂತೇ ಎಂದು ವಾರಕ್ಕೊಮ್ಮೆ ಬಂದು ಕೇಳುತ್ತಿದ್ದರು, ತಮ್ಮ ಹಾಡಿನ ಬಗ್ಗೆ ಒಂದು ಮಾತು ಇರಬಹುದೆಂದು. ಕೋಳಿ ಮೇಷ್ಟ್ರು ನಿಂತು, ಒಂದೊಂದೇ ಸಾಲನ್ನು ಕನ್ನಡ ಮಾಡುತ್ತ ಓದಿದರು.

"ಮಗನೇ, ನಿನ್ನ ಮೇಲೆ ಇನ್ನೂ ಕೋಪವಿದೆ. ಆದರೆ ಕೋಪವಿದ್ದವರೂ ಹಾಡಬಹುದೆಂದು ಈ ಟೇಪಿನಿಂದ ತಿಳಿಯಿತು. ಆದುದರಿಂದ ಬರೆಯುತ್ತಿದ್ದೇನೆ."

ಅವರು ಸ್ವಲ್ಪ ನಿಲ್ಲಿಸಿ ಕಣ್ಣು ಒರೆಸಿಕೊಂಡರು. ನಾನು ಬಾಗಿಲ ಹಿಂದೆ ಸೌಟು ಹಿಡಿದು ನಿಂತಿದ್ದೆ.

"ಮೊದಲು ಹಾಡುವ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಹಲ್ಲು ಹೋದ ಮೇಲೂ ಹಾಡುವ ಆಸೆ ಬಿಡದಿರುವುದು ದೊಡ್ಡದು. ಆದರೆ ಆಕೆಗೆ ವಿಶ್ರಾಂತಿ ಕೊಡಿ."

ಜಗಲಿಯ ಮೇಲೆ ಭಾಗವತರು ಅಂಗವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದರು.

"ಹಾಡು ಮುಗಿದ ಮೇಲೆ ಬಹಳ ಹೊತ್ತು ಅಂಗಲಾಚುವ ಗಂಡಸು ಆ ಕುದುರೆಯ ಸವಾರನಿರಬೇಕು. ಅಷ್ಟು ಬೇಡಿಕೊಂಡರೂ ನಿಮ್ಮ ಊರಿನ ಹೆಂಗಸು ಒಂದು ತೊಟ್ಟು ನೀರು ಕೊಡಲಿಲ್ಲ. ನನಗೆ ಅವಳು ಬಹಳ ಮೆಚ್ಚಿಗೆಯಾದಳು."

ನಮ್ಮ ಹಾಡು ಗಿಡ್ಡ. ಸುರುಳಿಯಲ್ಲಿ ಅದು ಅಳಿಸಿದ್ದು ಪ್ರಾರ್ಥನೆ ಮತ್ತು ಸ್ವಾಗತವನ್ನು ಮಾತ್ರ. ಹೊಸನಗರದ ಅಧ್ಯಕ್ಷರು ಭಾಷಣ ಸಮೇತ ಹಾಗೆಯೇ ಸಮುದ್ರ ದಾಟಿದ್ದರು. ಊಟ ಮಾಡುತ್ತಿದ್ದವರೆಲ್ಲ ನಗತೊಡಗಿದರು. ಕೋಳಿ ಮೇಷ್ಟ್ರು ಕೈಯೆತ್ತಿ ಮುಂದೆ ಓದಿದರು.

"ನಡುವೆ ಅವಳು ಹೇಳುವ ಒಂದು ಸಾಲು ನಮ್ಮ ಹಾಡಿನಲ್ಲಿ ಇಲ್ಲ. ಆದರೆ ಇರಬೇಕಾಗಿತ್ತು. ಅದಿಲ್ಲದೆ ಹಾಡು ಇಷ್ಟು ದಿನ ಅರೆಯಾಗಿತ್ತು ಎಂದು ನನ್ನ ಅಕ್ಕ ಹೇಳಿದಳು. ನಮ್ಮ ಬೀದಿಯ ಹೆಂಗಸರೆಲ್ಲ ಟೇಪು ಕೇಳಿ ಕೇಳಿ ಅದನ್ನು ಕಲಿತು, ಈಗ ಸೇರಿಸಿಯೇ ಹಾಡುತ್ತಿದ್ದೇವೆ. ಅದರ ಅರ್ಥವೇನೆಂದು ಬರೆ."

ಭಾಗವತರು ಜಗಲಿಯಿಂದಲೇ, "ದೇವರ ಸ್ತುತಿ ಅಂತ ಬರೀರಿ ಮಾರಾಯ್ರೆ. ಪರದೇಶದವರು, ಅವರಿಗೆಂತ ಗೊತ್ತಾಗ್ತದೆ" ಎಂದರು. ಅದೇ ಒಳ್ಳೆಯದೆಂದು ಯಜಮಾನರೂ ತಲೆಯಾಡಿಸಿದರು.

ನಾನು ಹೊಸ್ತಿಲು ದಾಟಿ ಮುಂದಿನ ಕೋಣೆಗೆ ಬಂದೆ. ಅಷ್ಟು ವರ್ಷಗಳಲ್ಲಿ ಗಿರಾಕಿಗಳಿರುವಾಗ ಬಂದದ್ದು ಅದೇ ಮೊದಲು. ಕೈಯಲ್ಲಿ ಸೌಟು ಇದ್ದುದನ್ನು ಮರೆತಿದ್ದೆ. ಎರಡು ಬೆಂಚಿನವರು ಹಿಂದಕ್ಕೆ ಸರಿದರು.

"ಇದ್ದ ಹಾಗೇ ಬರೀರಿ. ಒಂದು ಶಬ್ದ ಬಿಡ್ಬೇಡಿ" ಎಂದೆ.

ಅವರು ಇದ್ದ ಹಾಗೆಯೇ ಬರೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೂ ಉತ್ತರ ಬಂತು. ಈ ಸಲ ಲಕೋಟೆಯ ಮೇಲೆ, ನೀರು ಕೊಡದ ಹೆಂಗಸಿಗೆ, ಎಂದಿತ್ತು. ಒಳಗೆ ಮೂರೇ ಸಾಲು. ಅರ್ಥ ತಿಳಿದ ಮೇಲೆ ಅವರ ಊರಿನಲ್ಲಿ ಬಾಯಿ ಮುಚ್ಚಿ ಎಂಬ ಆ ಸಾಲನ್ನು ಒಂದರ ಬದಲು ಎರಡು ಸಲ ಹಾಡುತ್ತಾರಂತೆ. ಮೊದಲನೆಯ ಸಲ ಸವಾರನ ಕಡೆ ಬೆರಳು ಮಾಡಿ. ಎರಡನೆಯ ಸಲ ಪ್ರತಿಯೊಬ್ಬಳೂ ತನ್ನ ಗಂಡನ ಕಡೆ ತಿರುಗಿ, ಕನ್ನಡದಲ್ಲಿ.

ಬರೆದುದರಲ್ಲಿ ತಪ್ಪುಗಳಿದ್ದರೆ ಓದಿದವರು ಕ್ಷಮಿಸಬೇಕು.